ಪ್ಲೇ ಸರಿಯಿದೆ, ಅಚ್ಚು ನೋಡಿದ್ದೀರಾ?

“ಪ್ಲೇ ಕರೆಕ್ಟಾಗಿದೆ ಸಾರ್, ಡಯಲ್ ಗೇಜ್ ಇಟ್ಟೇ ನೋಡಿದ್ದಾರೆ.” ಅಂಬಾಸಿಡರ್‌ನ ಹಿಂದಿನ ಆಕ್ಸಲ್ ಬಿಚ್ಚಿ ಕಟ್ಟಿಸಿದ ಮೇಲೂ ಕೂಗುತ್ತಿದೆ ಎಂದು ಬರುವವರೆಲ್ಲ ಇದೇ ಮಾತು ಹೇಳುತ್ತಾರೆ. ಕೇಳಿ ಕೇಳಿ ಸಾಕಾಗಿದೆ.

ಆಕ್ಸಲ್ ಒಳಗಿನ ದೊಡ್ಡ ಹಲ್ಲುಚಕ್ರ ಕ್ರೌನ್, ಅದನ್ನು ತಿರುಗಿಸುವ ಚಿಕ್ಕದು ಪಿನಿಯನ್. ಪ್ಲೇ ಎಂದರೆ ಇವೆರಡರ ಹಲ್ಲುಗಳ ನಡುವಿನ ಸಂದು, ಅಷ್ಟೇ. ಕ್ರೌನನ್ನು ಪಕ್ಕಕ್ಕೆ ಸರಿಸಿ ಅದನ್ನು 6 ಥೌಗೆ, ಅಂದರೆ ಇಂಚಿನ ಸಾವಿರದಲ್ಲಿ ಆರು ಭಾಗಕ್ಕೆ, ತರಬಹುದು. ಪಿನಿಯನ್ ಸರಿಯಾದ ಜಾಗದಲ್ಲಿದ್ದರೂ ತರಬಹುದು, ಒಂದಿಷ್ಟು ಹಿಂದಿದ್ದರೂ ತರಬಹುದು, ಮುಂದಿದ್ದರೂ ತರಬಹುದು. ಗೇಜ್ ಮೂರೂ ಸಲ 6 ಎಂದೇ ತೋರಿಸುತ್ತದೆ. ಹಲ್ಲಿಗೆ ಹಲ್ಲು ತುದಿಯಲ್ಲಿ ಕೂತಿದೆಯೋ, ಬುಡದಲ್ಲೋ, ನಡುವೆಯೋ ಎಂಬುದು ಗೇಜಿಗೆ ಕಾಣುವುದಿಲ್ಲ. ಅದಕ್ಕೆ ಬಣ್ಣ ಹಚ್ಚಿ, ಹಲ್ಲು ತಾಗಿದ ಅಚ್ಚು ನೋಡಲೇಬೇಕು.

ಹೋದ ಮಳೆಗಾಲದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ತಂದೆಯ ಕಾಲದ ಮಾರ್ಕ್ 2 ಅಂಬಾಸಿಡರ್ ತಂದರು. ಪಿನಿಯನ್ ಬೇರಿಂಗ್ ಹೊಸದು, ಪ್ಲೇ ಸರಿ, ಸದ್ದು ಅಡಗಲೆಂದು 140ರ ಗಟ್ಟಿ ಗೇರ್ ಆಯಿಲ್ ಬೇರೆ ತುಂಬಿದ್ದರು. ಬಿಚ್ಚಿ, ಕ್ರೌನ್‌ನ ನಾಲ್ಕು ಹಲ್ಲಿಗೆ ತೆಳುವಾಗಿ ಬ್ಲೂ, ಅಂದರೆ ಅಚ್ಚು ನೋಡುವ ನೀಲಿ ಬಣ್ಣ, ಹಚ್ಚಿದೆ. ಹುಡುಗ ಮರದ ತುಂಡಿನಿಂದ ಕ್ರೌನನ್ನು ಒತ್ತಿ ಹಿಡಿದ, ನಾನು ಪಿನಿಯನ್ ತಿರುಗಿಸಿದೆ. ಹೀಗೆ ಒತ್ತಿ ಹಿಡಿದು ಭಾರ ಕೊಡಬೇಕು; ಸುಮ್ಮನೆ ತಿರುಗಿಸಿದರೆ ಬರುವ ಅಚ್ಚನ್ನು ನಂಬಬೇಡಿ. ಹಲ್ಲಿನ ನೆತ್ತಿಯಲ್ಲಿ ಉಗುರಿನ ಅಂಚಿನಷ್ಟು ಗೆರೆ, ಕೆಳಗೆಲ್ಲ ಬ್ಲೂ ಹಚ್ಚಿದ ಹಾಗೇ ಇತ್ತು. ಪಿನಿಯನ್ ದೂರ ನಿಂತಿದೆ ಎಂದರ್ಥ. ಹೊಸ ಬೇರಿಂಗಿನ ದಪ್ಪ ಹಳೆಯದಕ್ಕಿಂತ ಕೂದಲೆಳೆಯಷ್ಟು ಬೇರೆ; ಪಿನಿಯನ್ ತಲೆಯ ಹಿಂದಿನ ವಾಷರ್ ಮಾತ್ರ ಹಳೆಯದನ್ನೇ ಹಾಕಿದ್ದರು.

ಅಲ್ಲಿ ದಪ್ಪ ವಾಷರ್ ಹಾಕಿದರೆ ಪಿನಿಯನ್ ಕ್ರೌನ್ ಕಡೆಗೆ ಒಳಗೆ ಬರುತ್ತದೆ, ಅಚ್ಚು ಕೆಳಗಿಳಿಯುತ್ತದೆ. ಪ್ಲೇ ಕಡಿಮೆಯಾಗುತ್ತದೆ, ಕ್ರೌನನ್ನು ಮತ್ತೆ ಸರಿಸಬೇಕು, ಮತ್ತೆ ಬ್ಲೂ. ನಾಲ್ಕು ಸಲ ಬಿಚ್ಚಿ ಕಟ್ಟಿದೆವು. ಮೇಷ್ಟ್ರು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲೇ ಕೂತಿದ್ದರು, ಊಟಕ್ಕೂ ಏಳಲಿಲ್ಲ. ಸಂಜೆ ಹೊತ್ತಿಗೆ ಹಲ್ಲಿನ ಎತ್ತರದ ನಡುಮಧ್ಯ, ಒಳತುದಿಯ ಕಡೆ ತುಸು ವಾಲಿ, ಹುಣಸೆ ಬೀಜದಂಥ ಅಚ್ಚು ಬಂತು. ರಸ್ತೆಯಲ್ಲಿ ಭಾರ ಬಿದ್ದಾಗ ಅದು ಹೊರತುದಿಯ ಕಡೆ ಹರಡಿಕೊಳ್ಳುತ್ತದೆ, ಅದಕ್ಕೇ ಆ ವಾಲು ಬೇಕು. ರಿವರ್ಸ್ ಕಡೆಯ ಮುಖವನ್ನೂ ನೋಡಿದ ಮೇಲೇ ಬೋಲ್ಟ್ ಬಿಗಿದದ್ದು.

ಈ ಅಚ್ಚಿನ ಲೆಕ್ಕ ಹೊಸ ಕ್ರೌನ್-ಪಿನಿಯನ್ ಜೋಡಿಗೆ ಒಪ್ಪುವಷ್ಟು ಸವೆದ ಜೋಡಿಗೆ ಒಪ್ಪುವುದಿಲ್ಲ. ತಪ್ಪು ಜಾಗದಲ್ಲಿ ಬಹಳ ಓಡಿದ ಹಲ್ಲು ತನ್ನದೇ ಆಕಾರಕ್ಕೆ ಸವೆದಿರುತ್ತದೆ. ಅಚ್ಚು ಸರಿಬಂದರೂ ಸದ್ದು ಪೂರ್ತಿ ಹೋಗುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ಮೇಲೆ ಕೊರೆದ ಜೋಡಿ ಅಂಕಿ ಒಂದಕ್ಕೊಂದು ಹೊಂದದ ಕ್ರೌನ್-ಪಿನಿಯನ್ ತಂದು ಜೋಡಿಸು ಎಂದರೆ ಕೆಲಸವನ್ನೇ ಒಪ್ಪುವುದಿಲ್ಲ.

ಮೇಷ್ಟ್ರ ಕಾರು ಈಗಲೂ 60ರ ವೇಗದಲ್ಲಿ ಸಣ್ಣಗೆ ಗುಂಯ್ ಎನ್ನುತ್ತದೆ. ಅಷ್ಟು ಉಳಿದೀತು ಎಂದು ಅವತ್ತೇ ಹೇಳಿದ್ದೆ.