ಹರ್ನಿಯಾ ಮೆಶ್: ಎಳೆಗಿಂತ ಕಿಂಡಿಯ ಲೆಕ್ಕ ದೊಡ್ಡದು

ಹೊಟ್ಟೆಯ ಗೋಡೆಯ ದುರ್ಬಲ ಜಾಗದಿಂದ ಒಳಗಿನದು ಹೊರಗೆ ಉಬ್ಬುವುದೇ ಹರ್ನಿಯಾ. ಅದನ್ನು ಸರಿಪಡಿಸಿದ ಮೇಲೆ ‘ನೆಟ್ ಹಾಕಿದ್ದಾರೆ’ ಎಂದು ರೋಗಿಗಳು ಹೇಳುತ್ತಾರಲ್ಲ, ತೊಡೆಸಂದಿನ ಹರ್ನಿಯಾದಲ್ಲಿ ಆ ನೆಟ್ ಸಾಮಾನ್ಯವಾಗಿ 7.5 × 15 ಸೆಂ.ಮೀ. ಅಳತೆಯ ತುಂಡು. ಚದರ ಮೀಟರಿಗೆ 40 ಗ್ರಾಂ ತೂಗುವ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಮೆಶ್ ಆದರೆ ಆ ತುಂಡಿನ ತೂಕ ಅರ್ಧ ಗ್ರಾಮಿಗೂ ಕಡಿಮೆ. 0.12 ಮಿ.ಮೀ. ದಪ್ಪದ ಎಳೆಯಿಂದ ಹೆಣೆದದ್ದಾದರೆ ಅದರಲ್ಲಿ ಸುಮಾರು 44 ಮೀಟರ್ ಎಳೆ ಇರುತ್ತದೆ. ರೋಗಿಯ ಮೈಯಲ್ಲಿ ಜೀವಮಾನವಿಡೀ ಉಳಿಯುವುದು ಇಷ್ಟೇ. ಈ 44 ಮೀಟರನ್ನು ಹೇಗೆ ಹೆಣೆಯಬೇಕು, ನಡುವೆ ಎಷ್ಟು ಜಾಗ ಬಿಡಬೇಕು ಎಂಬುದೇ ವಿನ್ಯಾಸದ ಮುಖ್ಯ ಪ್ರಶ್ನೆ.

ಹೊಸದಾಗಿ ಈ ಕ್ಷೇತ್ರಕ್ಕೆ ಬರುವ ಎಂಜಿನಿಯರ್ ಮೊದಲು ಕೇಳುವುದು ‘ಎಷ್ಟು ಗಟ್ಟಿ ಇರಬೇಕು?’ ಎಂದು. ಉತ್ತರ ಕಷ್ಟದ್ದಲ್ಲ. ಕೆಮ್ಮು, ಜಿಗಿತ, ಮಲವಿಸರ್ಜನೆಗೆ ತಿಣುಕುವುದು, ಇವುಗಳಲ್ಲಿ ಹೊಟ್ಟೆಯೊಳಗಿನ ಒತ್ತಡ ಏರುತ್ತದೆ. ಲೆಕ್ಕಕ್ಕೆ ಸಾಮಾನ್ಯವಾಗಿ 20 ಕಿಲೋಪಾಸ್ಕಲ್, ಅಂದರೆ 150 ಮಿ.ಮೀ. ಪಾದರಸ ಹಿಡಿಯುತ್ತೇವೆ. ಹೊಟ್ಟೆಯನ್ನು 32 ಸೆಂ.ಮೀ. ವ್ಯಾಸದ ಗೋಳ ಎಂದುಕೊಂಡು ಲಾಪ್ಲಾಸ್ ನಿಯಮ ಹಚ್ಚಿದರೆ, ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ ಎರಡರಿಂದ ಭಾಗಿಸಬೇಕು. ಬರುವುದು ಸೆಂಟಿಮೀಟರಿಗೆ 16 ನ್ಯೂಟನ್. ಒಂದು ಸೆಂ.ಮೀ. ಅಗಲದ ಪಟ್ಟಿಗೆ ಸುಮಾರು 1.6 ಕಿಲೋ ತೂಗುಹಾಕಿದಷ್ಟು ಎಳೆತ. ಆರೋಗ್ಯವಂತರು ಜಿಗಿದಾಗ 170 ಮಿ.ಮೀ. ಪಾದರಸದಷ್ಟು ಒತ್ತಡ ಅಳೆದದ್ದಿದೆ. ಆಗಲೂ ಇದೇ ಲೆಕ್ಕದಲ್ಲಿ ಬರುವುದು ಸುಮಾರು 18 ನ್ಯೂಟನ್ ಅಷ್ಟೇ. ಗೋಳದ ಬದಲು ಸಿಲಿಂಡರ್ ಎಂದುಕೊಂಡರೆ ಸುತ್ತಳತೆಯ ದಿಕ್ಕಿನಲ್ಲಿ 32 ನ್ಯೂಟನ್ ಆಗುತ್ತದೆ. ಹಿಂದಿನ ಶಸ್ತ್ರಚಿಕಿತ್ಸೆಯ ಗಾಯದ ಜಾಗದಲ್ಲಿ ಆಗುವ ದೊಡ್ಡ ಇನ್ಸಿಷನಲ್ ಹರ್ನಿಯಾದಲ್ಲಿ ಸ್ನಾಯುವಿನ ಅಂಚುಗಳು ಕೂಡದೆ, ಮೆಶ್ ಒಂದೇ ನಡುವಿನ ಬಯಲನ್ನು ಹೊರಬೇಕಾದಾಗ ಈ 32ರ ಲೆಕ್ಕ ಹಿಡಿಯುವುದು ಕ್ಷೇಮ. ಹಿಂದಿನ ಭಾರೀ ಮೆಶ್‌ಗಳು ಈ ಅಗತ್ಯವನ್ನು ಬಹಳ ಮೀರಿ ಗಟ್ಟಿಯಾಗಿದ್ದವು. ಆ ಹೆಚ್ಚುವರಿ ಬಲದಿಂದ ರೋಗಿಗೆ ಲಾಭವೇನೂ ಆಗಲಿಲ್ಲ, ತೊಂದರೆಯಾಯಿತು.

ಏಕೆಂದರೆ ಹೊಟ್ಟೆಯ ಗೋಡೆ ಹಲಗೆಯಲ್ಲ, ಹಿಗ್ಗುತ್ತದೆ. 16 ನ್ಯೂಟನ್ ಎಳೆತದಲ್ಲಿ ಹೆಂಗಸರಲ್ಲಿ ಉದ್ದುದ್ದಕ್ಕೆ ಸರಾಸರಿ ಶೇ 32, ಗಂಡಸರಲ್ಲಿ ಅಡ್ಡಡ್ಡಕ್ಕೆ ಶೇ 15ರಷ್ಟು ಹಿಗ್ಗುತ್ತದೆ ಎಂದು ಜರ್ಮನಿಯ ಆಖೆನ್‌ನ ಸಂಶೋಧಕರು ಅಳೆದು ತೋರಿಸಿದರು. ಅದೇ ಎಳೆತಕ್ಕೆ ಭಾರೀ ಮೆಶ್‌ಗಳು ಹಿಗ್ಗುವುದು ಶೇ 4ರಿಂದ 16, ಹಗುರ ಮೆಶ್‌ಗಳು ಶೇ 20ರಿಂದ 35. ಗೋಡೆ ಹಿಗ್ಗಿ ಮೆಶ್ ಹಿಗ್ಗದಿದ್ದರೆ ಎಳೆತವೆಲ್ಲ ಅಂಚಿನ ಹೊಲಿಗೆಗಳ ಮೇಲೆ ಬೀಳುತ್ತದೆ. ರೋಗಿಗೆ ಬಗ್ಗುವಾಗ ಒಳಗೆ ರಟ್ಟು ಇಟ್ಟ ಹಾಗನಿಸುತ್ತದೆ.

ಎಳೆಯ ದಪ್ಪದಲ್ಲಿ ಒಂದು ಅನುಕೂಲ ಅಡಗಿದೆ. ಎಳೆಯ ಬಲ ವ್ಯಾಸದ ವರ್ಗಕ್ಕೆ ತಕ್ಕಂತೆ ಬದಲಾದರೆ, ಅದು ಬಾಗಲು ತೋರುವ ಬಿರುಸು ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ. 0.16 ಮಿ.ಮೀ. ಎಳೆಯಿಂದ 0.12ಕ್ಕೆ ಇಳಿದರೆ ಪ್ರತಿ ಎಳೆಯ ಬಲ ಶೇ 44ರಷ್ಟು ಕಡಿಮೆಯಾಗುತ್ತದೆ, ಬಿರುಸು ಮಾತ್ರ ಶೇ 68ರಷ್ಟು ಇಳಿಯುತ್ತದೆ. ಬಲ ಹೇಗೂ ಬೇಕಾದ್ದಕ್ಕಿಂತ ಹೆಚ್ಚಿದ್ದುದರಿಂದ ಈ ವ್ಯಾಪಾರ ಲಾಭದ್ದು. ಹಗುರ ಮೆಶ್‌ಗಳು ಕೈಗೆ ಬಟ್ಟೆಯಂತೆ ಮೆದುವಾಗಿ ಹತ್ತುವುದು ಇದರಿಂದ.

ಇನ್ನು ಕಿಂಡಿಯ ಮಾತು. ಪಾಲಿಪ್ರೊಪಿಲೀನ್ ಎಳೆ ಒಳಗೆ ಹೋದ ಕೂಡಲೇ ದೇಹ ಅದನ್ನು ಹೊರಗಿನ ವಸ್ತು ಎಂದು ಗುರುತಿಸುತ್ತದೆ. ಪ್ರತಿ ಎಳೆಯ ಸುತ್ತ ಉರಿಯೂತದ ಜೀವಕೋಶಗಳ, ನಾರಿನ ಒಂದು ಕವಚ ಕಟ್ಟುತ್ತದೆ. ಇದನ್ನು ಗ್ರ್ಯಾನುಲೋಮಾ ಎನ್ನುತ್ತಾರೆ. ಎರಡು ಎಳೆಗಳ ನಡುವೆ ಸಾಕಷ್ಟು ಜಾಗವಿದ್ದರೆ ಆ ಎರಡು ಕವಚಗಳ ನಡುವೆ ಕೊಬ್ಬು, ರಕ್ತನಾಳ, ಸಹಜ ಅಂಗಾಂಶ ಬೆಳೆಯುತ್ತದೆ. ಜಾಗ ಸಾಲದಿದ್ದರೆ ಕವಚಗಳು ಒಂದಕ್ಕೊಂದು ಕೂಡಿಕೊಂಡು ಇಡೀ ಮೆಶ್ ಗಾಯದ ಕಲೆಯ ಒಂದೇ ಹಾಳೆಯಾಗುತ್ತದೆ. ಆ ಹಾಳೆ ಮಾಗುತ್ತಾ ಕುಗ್ಗುತ್ತದೆ, ಸೆಟೆಯುತ್ತದೆ, ಹತ್ತಿರದ ನರವನ್ನು ಹಿಡಿದೆಳೆಯುತ್ತದೆ. ಪಾಲಿಪ್ರೊಪಿಲೀನಿಗೆ ಕಿಂಡಿ ಎಲ್ಲ ದಿಕ್ಕಿನಲ್ಲೂ ಕನಿಷ್ಠ 1 ಮಿ.ಮೀ. ಇರಬೇಕು ಎಂಬ ಅಳತೆ ಬಂದದ್ದು ಇದರಿಂದಲೇ. 1997ರಲ್ಲಿ ಸರ್ಜನ್ ಅಮೀದ್ ಮಾಡಿದ ಮೆಶ್‌ಗಳ ವರ್ಗೀಕರಣದಲ್ಲಿ 75 ಮೈಕ್ರಾನ್ ಮೀರಿದರೆ ಅದು ‘ದೊಡ್ಡ ಕಿಂಡಿ’. ಆ ಗೆರೆ ಎಳೆದದ್ದು ರಕ್ಷಕ ಕೋಶಗಳು, ರಕ್ತನಾಳಗಳು ಒಳಗೆ ನುಸುಳಲು ಬೇಕಾದ ಜಾಗ ನೋಡಿ. ಕಲೆ ಕೂಡಿಕೊಳ್ಳದಿರಲು ಅದರ ಹತ್ತು ಪಟ್ಟಿಗೂ ಹೆಚ್ಚು ಬೇಕು. ಕ್ಯಾಟಲಾಗಿನಲ್ಲಿ ‘ಮ್ಯಾಕ್ರೋಪೋರಸ್’ (ದೊಡ್ಡ ಕಿಂಡಿಯದು) ಎಂಬ ಪದವೊಂದನ್ನೇ ನೋಡಿ ಕೊಳ್ಳಬೇಡಿ, ಮಿಲಿಮೀಟರ್ ಅಂಕಿ ಕೇಳಿ.

ಆ ಅಂಕಿಯೂ ಮೇಜಿನ ಮೇಲೆ ಹರಡಿ ಅಳೆದದ್ದೋ, ಎಳೆದು ಅಳೆದದ್ದೋ ಎಂಬುದನ್ನು ಕೇಳಬೇಕು. ಪ್ರಯೋಗಾಲಯದಲ್ಲಿ ಚೆನ್ನಾಗಿ ಕಂಡ ಎಷ್ಟೋ ವಿನ್ಯಾಸಗಳು ಎಡವುವುದು ಇಲ್ಲೇ. ಒಂದು ಲೆಕ್ಕ ನೋಡೋಣ. ಬಾಹು 1.5 ಮಿ.ಮೀ. ಇರುವ ಚೌಕ ಕಿಂಡಿಯೊಳಗೆ 1.5 ಮಿ.ಮೀ. ವ್ಯಾಸದ ಗುಂಡು ಹಿಡಿಸುತ್ತದೆ. ಅದನ್ನು ಮೂಲೆಯಿಂದ ಮೂಲೆಗೆ ಶೇ 20ರಷ್ಟು ಎಳೆಯಿರಿ, ಚೌಕ ವಜ್ರಾಕಾರವಾಗಿ 1.35 ಮಿ.ಮೀ. ಗುಂಡು ಹಿಡಿಸುತ್ತದೆ. ಶೇ 30ಕ್ಕೆ 1.09. ಶೇ 35ಕ್ಕೆ 0.85, ಅಂದರೆ 1 ಮಿ.ಮೀ. ಗೆರೆಯ ಕೆಳಗೆ. ಎಳೆತದ ಕೊನೆಯ ಐದು ಪಾಲಿನಲ್ಲೇ ಕಿಂಡಿ ಸೀಳಾಗಿಬಿಟ್ಟಿತು. ಅದೇ ಚೌಕವನ್ನು ಬಾಹುವಿನ ದಿಕ್ಕಿಗೆ ಎಳೆದಿದ್ದರೆ ಹೀಗೆ ಮುಚ್ಚಿಕೊಳ್ಳುತ್ತಿರಲಿಲ್ಲ. ಆದ್ದರಿಂದ ಮೆಶ್‌ಗೆ ದಿಕ್ಕಿದೆ. ತಯಾರಕರು ನೀಲಿ ಎಳೆಯ ಪಟ್ಟೆ ಸೇರಿಸಿದ್ದರೆ ಅದನ್ನು ಯಾವ ದಿಕ್ಕಿಗೆ ಇಡಬೇಕೆಂದು ಪೊಟ್ಟಣದ ಕಾಗದದಲ್ಲಿ ಬರೆದಿರುತ್ತದೆ. ಅದನ್ನು ಓದದೆ ಹೇಗೆ ಬೇಕೋ ಹಾಗೆ ಇಟ್ಟರೆ ವಿನ್ಯಾಸಕಾರರ ಅಷ್ಟೂ ಲೆಕ್ಕ ವ್ಯರ್ಥ.

ಮೆಶ್ ತಯಾರಾಗುವುದು ಮಗ್ಗದಲ್ಲಲ್ಲ. 1958ರಲ್ಲಿ ಅಮೆರಿಕದ ಫ್ರಾನ್ಸಿಸ್ ಅಷರ್ ಮೊದಲು ಬಳಕೆಗೆ ತಂದ ಪಾಲಿಎಥಿಲೀನ್ ಬಟ್ಟೆ ಹಾಸು-ಹೊಕ್ಕಿನಿಂದ ನೇಯ್ದದ್ದು. ನೇಯ್ದದ್ದನ್ನು ಕತ್ತರಿಸಿದರೆ ಅಂಚಿನ ಎಳೆ ಜಾರಿ ಬಿಚ್ಚಿಕೊಳ್ಳುತ್ತದೆ. 1960ರ ದಶಕದ ಆರಂಭದಲ್ಲಿ ಪಾಲಿಪ್ರೊಪಿಲೀನ್ ಹೆಣಿಗೆ ಬಂದಮೇಲೆ ಆ ತೊಂದರೆ ಹೋಯಿತು. ಈಗ ಬಹುತೇಕ ಬಳಸುವುದು ವಾರ್ಪ್ ನಿಟ್ಟಿಂಗ್. ಹಾಸಿನ ಪ್ರತಿ ಎಳೆಯೂ ಪಕ್ಕದ ಎಳೆಯೊಂದಿಗೆ ಕುಣಿಕೆ ಹಾಕಿಕೊಳ್ಳುತ್ತಾ ಸಾಗುತ್ತದೆ. ಸರ್ಜನ್ ವೀರ್ಯನಾಳದ ಹುರಿಗೆ ದಾರಿ ಬಿಡಲು ಮೆಶ್‌ನ ಬಾಲ ಸೀಳಿದಾಗ ಅದು ಬಿಚ್ಚಿಕೊಳ್ಳದೆ ನಿಲ್ಲುವುದು ಈ ಕುಣಿಕೆಗಳಿಂದ. ಯಂತ್ರದಿಂದ ಇಳಿದ ಹೆಣಿಗೆಯಲ್ಲಿ ಎಳೆಗೆ ಸವರಿದ ಎಣ್ಣೆ ಉಳಿದಿರುತ್ತದೆ. ಅದನ್ನು ತೊಳೆದು ತೆಗೆಯುವುದು ಮೊದಲ ಕೆಲಸ, ಉಳಿದರೆ ಜೀವಕೋಶ ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ಚೌಕಟ್ಟಿಗೆ ಸಿಕ್ಕಿಸಿ, ಪಾಲಿಪ್ರೊಪಿಲೀನ್ ಕರಗುವ 160ರಿಂದ 165 ಡಿಗ್ರಿಗಿಂತ ಸಾಕಷ್ಟು ಕೆಳಗಿನ ಬಿಸಿಯಲ್ಲಿ ಆಕಾರ ಕೂರಿಸಬೇಕು. ಬಿಸಿ ಸಾಲದಿದ್ದರೆ ಅಂಚು ಸುರುಳಿ ಸುತ್ತುತ್ತದೆ, ಹೆಚ್ಚಾದರೆ ಎಳೆ ಪೆಡಸಾಗುತ್ತದೆ. ಕಿಂಡಿಯ ಅಂತಿಮ ಅಳತೆ ನಿಲ್ಲುವುದೂ ಈ ಹಂತದಲ್ಲೇ. ಹಾಗಾಗಿ ಹೆಣಿಗೆ ಯಂತ್ರದ ಮುಂದೆ ಅಳೆದ ಕಿಂಡಿಗೆ ಬೆಲೆಯಿಲ್ಲ.

ಎಳೆ ಒಂಟಿಯೋ ಹಲವು ನಾರಿನದೋ ಎಂಬುದು ಸೋಂಕಿಗೆ ಸಂಬಂಧಿಸಿದ್ದು. ಬ್ಯಾಕ್ಟೀರಿಯಾ ಸುಮಾರು 1 ಮೈಕ್ರಾನ್, ಅದನ್ನು ನುಂಗುವ ಮ್ಯಾಕ್ರೋಫೇಜ್ 10 ಮೈಕ್ರಾನ್‌ಗೂ ದೊಡ್ಡದು. ಹಲವು ನಾರು ಸೇರಿಸಿ ಹೊಸೆದ ಎಳೆಯಲ್ಲಿ ನಾರುಗಳ ನಡುವಿನ ಸಂದು 10 ಮೈಕ್ರಾನಿಗಿಂತ ಕಿರಿದು. ಕಳ್ಳ ನುಸುಳಬಲ್ಲ, ಪೊಲೀಸ್ ನುಸುಳಲಾರ. ಕೆಲವೇ ಮೈಕ್ರಾನ್ ಕಿಂಡಿಯ ವಿಸ್ತರಿತ ಪಿಟಿಎಫ್‌ಇ (ಟೆಫ್ಲಾನ್ ಬಗೆಯ ಪ್ಲಾಸ್ಟಿಕ್) ಹಾಳೆಗೆ ಸೋಂಕು ತಗುಲಿದರೆ ಸಾಮಾನ್ಯವಾಗಿ ಹೊರತೆಗೆಯಲೇಬೇಕಾಗುವುದೂ ಇದೇ ಕಾರಣಕ್ಕೆ. ಆದರೆ ಕರುಳಿಗೆ ತಾಗುವ ಜಾಗದಲ್ಲಿ ಬರಿಯ ಪಾಲಿಪ್ರೊಪಿಲೀನ್ ಇಡುವಂತಿಲ್ಲ, ಕರುಳು ಅದಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಿ ಒಂದು ಮುಖಕ್ಕೆ ಕರಗುವ ಪೊರೆ ಹಚ್ಚಿದ ಮೆಶ್ ಬೇಕು. ಉದರಪೊರೆ ಮತ್ತೆ ಬೆಳೆಯಲು ಸುಮಾರು ಒಂದು ವಾರ ಬೇಕಾದ್ದರಿಂದ ಹಚ್ಚಿದ ಪೊರೆ ಅದಕ್ಕಿಂತ ಮೊದಲು ಕರಗಬಾರದು.

ಮೆಶ್ ಕುಗ್ಗುತ್ತದೆ ಎಂದು ಹೇಳುವ ರೂಢಿಯಿದೆ. ಪ್ಲಾಸ್ಟಿಕ್ ಕುಗ್ಗುವುದಿಲ್ಲ, ಸುತ್ತಲಿನ ಕಲೆ ಕುಗ್ಗುವಾಗ ಅದನ್ನೂ ಮುದುರುತ್ತದೆ. ಉದ್ದಗಲ ಎರಡರಲ್ಲೂ ಶೇ 20 ಎಂದು ಹಿಡಿದರೆ 7.5 × 15ರ ತುಂಡು 6 × 12 ಆಗುತ್ತದೆ. 112 ಚದರ ಸೆಂ.ಮೀ. ಇದ್ದದ್ದು 72ಕ್ಕೆ ಇಳಿಯಿತು. ಹರ್ನಿಯಾ ಮರುಕಳಿಸುವುದು ಮೆಶ್ ನಡುವೆ ಹರಿದು ಅಲ್ಲ, ಬಹುತೇಕ ಅಂಚಿನ ಪಕ್ಕದಿಂದ. ತೊಡೆಸಂದನ್ನು ಮುಂದಿನಿಂದ ತೆರೆದು ಮೆಶ್ ಹೊಲಿಯುವ ಲಿಕ್ಟೆನ್‌ಸ್ಟೈನ್ ವಿಧಾನದಲ್ಲಿ ಪ್ಯುಬಿಕ್ ಮೂಳೆಯ ಗುಬಟಿನ ಆಚೆಗೆ 2 ಸೆಂ.ಮೀ., ಮೇಲ್ಗಡೆ 3ರಿಂದ 4, ವೀರ್ಯನಾಳದ ಹುರಿ ಹೊಟ್ಟೆಯಿಂದ ಹೊರಬರುವ ಒಳ ಉಂಗುರದಿಂದ ಹೊರಪಕ್ಕಕ್ಕೆ 5ರಿಂದ 6 ಸೆಂ.ಮೀ. ಹೊದಿಕೆ ಬಿಡಬೇಕು ಎನ್ನುವುದು ಈ ಮುದುರುವಿಕೆಗೆ ಅವಕಾಶ ಕೊಡಲು. ಬಿಗಿಯಾಗಿ ಎಳೆದು ಹೊಲಿಯಲೂಬಾರದು. ಮಲಗಿದ ರೋಗಿಯಲ್ಲಿ ಮೆಶ್ ಸ್ವಲ್ಪ ಸಡಿಲವಾಗಿ, ಗುಮ್ಮಟದಂತೆ ಉಬ್ಬಿ ಕೂತಿದ್ದರೆ ಎದ್ದು ನಿಂತಾಗ ಸರಿಹೋಗುತ್ತದೆ.

ಹಾಗಾದರೆ ಹಗುರ ಮಾಡಿದಷ್ಟೂ ಒಳ್ಳೆಯದೇ? ಇಲ್ಲ. ದೊಡ್ಡ ಬಯಲಿಗೆ ಸೇತುವೆಯಂತೆ ಹಾಕಿದ ತೀರಾ ಹಗುರ ಮೆಶ್‌ಗಳು ನಡುವೆಯೇ ಹರಿದ ವರದಿಗಳಿವೆ. 2016ರಲ್ಲಿ ಜರ್ಮನಿ, ಡೆನ್ಮಾರ್ಕ್‌ಗಳ ಹರ್ನಿಯಾ ದಾಖಲಾತಿಗಳಲ್ಲಿ ಮರುಕಳಿಕೆ ಹೆಚ್ಚು ಕಂಡಿದ್ದರಿಂದ ಲ್ಯಾಪರೋಸ್ಕೋಪಿಗೆಂದು ಮಾಡಿದ ಒಂದು ಹಗುರ ಸಂಯುಕ್ತ ಮೆಶ್ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ತೂಕವೊಂದನ್ನೇ ನೋಡಿ ಮೆಶ್ ಆರಿಸಬೇಡಿ ಎಂದು 2018ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಹೇಳುತ್ತದೆ. ತೂಕ ಕಿಂಡಿಯ ಅಳತೆಯಲ್ಲ. ದಪ್ಪ ಎಳೆ, ದೊಡ್ಡ ಕಿಂಡಿಯ ಮೆಶ್‌ಗೂ ಸಣ್ಣ ಎಳೆ, ಒತ್ತಾದ ಕಿಂಡಿಯ ಮೆಶ್‌ಗೂ ತೂಕ ಒಂದೇ ಆಗಬಹುದು, ದೇಹ ಅವೆರಡನ್ನೂ ಒಂದೇ ರೀತಿ ಸ್ವೀಕರಿಸುವುದಿಲ್ಲ.

ಕಿಂಡಿಯೇ ಮುಖ್ಯ ಎಂಬುದಕ್ಕೆ ದೊಡ್ಡ ಸಾಕ್ಷಿ ನಮ್ಮ ನೆರೆಯ ಮಹಾರಾಷ್ಟ್ರದಿಂದ ಬಂತು. ಧುಳೆ ಜಿಲ್ಲೆಯ ದೊಂಡಾಯಿಚಾದ ಸರ್ಜನ್ ಡಾ. ಟೊಂಗಾವ್‌ಕರ್ ಮತ್ತು ಸಂಗಡಿಗರು ಸೊಳ್ಳೆ ಪರದೆಯ ಬಟ್ಟೆಯನ್ನು ಕತ್ತರಿಸಿ, ಸ್ಟೆರಿಲೈಸ್ ಮಾಡಿ ಹರ್ನಿಯಾಕ್ಕೆ ಹಾಕಿ, 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಮುಂದೆ ಉಗಾಂಡಾದಲ್ಲಿ 302 ಗಂಡಸರ ಮೇಲೆ ಇಂಥ ಅಗ್ಗದ ಮೆಶ್ ಮತ್ತು ಕಂಪನಿ ಮೆಶ್ ಹೋಲಿಸಿ ನಡೆದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಒಂದು ವರ್ಷದಲ್ಲಿ ಅಗ್ಗದ ಮೆಶ್ ಗುಂಪಿನಲ್ಲಿ ಮರುಕಳಿಸಿದ್ದು ಒಬ್ಬರಿಗೆ ಮಾತ್ರ. ಬೆಲೆ ಒಂದು ಡಾಲರ್, ಕಂಪನಿಯದು 125 ಡಾಲರ್. ಆಶ್ಚರ್ಯಪಡಬೇಕಿಲ್ಲ. ಒಂಟಿ ಎಳೆ, ದೊಡ್ಡ ಕಿಂಡಿ, ಕಡಿಮೆ ತೂಕ, ಮೆದು ಹೆಣಿಗೆ ಎಲ್ಲವೂ ಅದರಲ್ಲಿದ್ದವು. ನಾಡಿನ ಸಣ್ಣ ಆಸ್ಪತ್ರೆಗಳ ರೋಗಿಗಳಿಗೆ ಇದು ಎಷ್ಟು ದೊಡ್ಡ ಮಾತು ಎಂದು ಬಿಡಿಸಿ ಹೇಳಬೇಕಿಲ್ಲ.

ಆದರೆ ಅಂಗಡಿಯಿಂದ ತಂದ ಪರದೆಯನ್ನು ನೇರವಾಗಿ ಥಿಯೇಟರಿಗೆ ಒಯ್ಯುವಂತಿಲ್ಲ. ಕೀಟನಾಶಕ ಸೇರಿಸಿದ ಪರದೆಗಳಿವೆ, ಬಣ್ಣ ಹಾಕಿದವಿವೆ, ಪಾಲಿಯೆಸ್ಟರಿನ ಹಲವು ನಾರಿನವೂ ಇವೆ. ಕಣ್ಣಿಗೆ ಎಲ್ಲ ಒಂದೇ. ಒಂದು ಲಾಟಿನಂತೆ ಇನ್ನೊಂದು ಇರುತ್ತದೆಂಬ ಖಾತರಿಯಿಲ್ಲ. ಕಂಪನಿ ಮೆಶ್‌ಗೆ ಕೊಡುವ ಹಣದ ಒಂದು ಪಾಲು ಹೋಗುವುದು ಈ ಖಾತರಿಗೆ.

ಸ್ಟೆರಿಲೈಸೇಷನ್ನಿನಲ್ಲಿ ವಸ್ತುವಿನ ಹೆಸರು ಗೊತ್ತಿರಲೇಬೇಕು. ಗಾಮಾ ಕಿರಣ ಪಾಲಿಪ್ರೊಪಿಲೀನಿನ ಸರಪಳಿಗಳನ್ನು ಕಡಿದು ಎಳೆಯನ್ನು ಪುಡಿಪುಡಿಯಾಗುವಂತೆ ಮಾಡಬಲ್ಲದು. ಕಾರ್ಖಾನೆಗಳು ಎಥಿಲೀನ್ ಆಕ್ಸೈಡ್ ಅನಿಲ ಬಳಸುವುದು ಅದಕ್ಕೇ. ಆಮೇಲೆ ಗಾಳಿಯಾಡಿಸಿ ಅನಿಲದ ಶೇಷ ಇಳಿಸಬೇಕು. ಮೊದಲ 24 ಗಂಟೆಯಲ್ಲಿ ರೋಗಿಗೆ ಸೇರಬಹುದಾದ ಮಿತಿ 4 ಮಿಲಿಗ್ರಾಂ. ಸೊಳ್ಳೆ ಪರದೆಯ ಪಾಲಿಎಥಿಲೀನ್ ಆದರೋ 120ರಿಂದ 125 ಡಿಗ್ರಿಯ ಆಸುಪಾಸಿನಲ್ಲೇ ಕರಗಲು ಶುರುವಾಗುತ್ತದೆ. ಉಗಾಂಡಾದ ತಂಡ ಅದನ್ನು 121 ಡಿಗ್ರಿಯಲ್ಲಿ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಸ್ಟೆರಿಲೈಸ್) ಮಾಡಿತು. ಅದೇ ತುಂಡನ್ನು ಉಪಕರಣಗಳ ಜೊತೆ 134 ಡಿಗ್ರಿಯ ವೇಗದ ಚಕ್ರಕ್ಕೆ ಹಾಕಿದರೆ ಎಳೆಗಳು ಮುದುರಿ ಒಂದಕ್ಕೊಂದು ಅಂಟುತ್ತವೆ, ಕಿಂಡಿಗಳು ಮುಚ್ಚುತ್ತವೆ. ಹೊರತೆಗೆದಾಗ ಪೂರ್ತಿ ಕರಗದೆ ಕೇವಲ ಸ್ವಲ್ಪ ಬಿರುಸಾಗಿ ಕಂಡರೂ ಅದನ್ನು ಬಿಸಾಡಬೇಕು. ಪ್ರತಿ ಪೊಟ್ಟಣದ ಮೇಲೆ ವಸ್ತುವಿನ ಹೆಸರು, ಡಿಗ್ರಿ, ನಿಮಿಷ, ದಿನಾಂಕ ಬರೆದಿಡಿ. ಆಟೋಕ್ಲೇವ್ ನಡೆಸುವವರು ಪಾಳಿ ಬದಲಾದಾಗ ಕೇಳಲು ಬೇರೆ ಯಾರೂ ಇರುವುದಿಲ್ಲ.