ಜಾಯಿನ್ ಆಸ್ ಯು ಗೋ: ಕ್ರೋಶಾ ಚೌಕಗಳನ್ನು ಹೆಣೆಯುತ್ತಲೇ ಕೂಡಿಸುವುದು

ಕ್ರೋಶಾದಲ್ಲಿ ಹೊದಿಕೆ ಮಾಡಲು ಹೊರಟವರ ಕಿವಿಗೆ ಈ ಮಾತು ಬಿದ್ದೇ ಬೀಳುತ್ತದೆ: ಜಾಯಿನ್ ಆಸ್ ಯು ಗೋ. ಚಿಕ್ಕದಾಗಿ ಜೇಗೋ ಅನ್ನುವವರೂ ಇದ್ದಾರೆ. ಚೌಕಗಳನ್ನೆಲ್ಲ ಮುಗಿಸಿ ರಾಶಿ ಹಾಕಿ ಆಮೇಲೆ ಹೊಲಿಯುವ ಬದಲು, ಪ್ರತಿ ಚೌಕದ ಕೊನೆಯ ಸುತ್ತು ಹಾಕುವಾಗಲೇ ಅದನ್ನು ಪಕ್ಕದ ಚೌಕಕ್ಕೆ ಸಿಕ್ಕಿಸಿಕೊಂಡು ಹೋಗುವುದು. ಅರ್ಥ ಇಷ್ಟೇ. ಆದರೆ ಇದನ್ನು ಮೊದಲ ಚೌಕ ಶುರು ಮಾಡುವ ಮುಂಚೆಯೇ ತೀರ್ಮಾನಿಸಿಕೊಳ್ಳಬೇಕು. ಜೋಡಿಸೋದು ಕೊನೆಗೆ ನೋಡಿಕೊಂಡರಾಯಿತು ಅಂತ ಬಿಟ್ಟರೆ ಅಳತೆ, ಬಣ್ಣ, ಉಲ್ಲನ್ ಲೆಕ್ಕ ಎಲ್ಲವೂ ಕೈ ಕೊಡುತ್ತವೆ.

ಅಡ್ಡಕ್ಕೆ 8, ಉದ್ದಕ್ಕೆ 10, ಒಟ್ಟು 80 ಚೌಕದ ಹೊದಿಕೆ ಅಂದುಕೊಳ್ಳಿ. ಒಂದೊಂದು ಚೌಕ 12 ಸೆಂಟಿಮೀಟರ್ ಇದ್ದರೆ 96ಕ್ಕೆ 120 ಸೆಂಟಿಮೀಟರ್ ಆಗುತ್ತದೆ. ಮಗುವಿಗೆ ಹೊದಿಸಲು, ಕೂತಾಗ ಕಾಲ ಮೇಲೆ ಹಾಕಿಕೊಳ್ಳಲು ಸಾಕು. ಬೆಂಗಳೂರಿನ ಡಿಸೆಂಬರ್, ಜನವರಿ ರಾತ್ರಿಗಳಿಗೆ ಇದಕ್ಕಿಂತ ದಪ್ಪದ್ದು ಬೇಕಾಗುವುದು ಕಮ್ಮಿ. ಈ ಪುಟ್ಟ ಹೊದಿಕೆಯಲ್ಲೇ ಒಂದಕ್ಕೊಂದು ತಾಗುವ ಅಂಚುಗಳು 142. ಆಮೇಲೆ ಹೊಲಿಯುವುದಾದರೆ ಅಷ್ಟನ್ನೂ ದಬ್ಬಳ ಹಿಡಿದು ಹೊಲಿಯಬೇಕು, ಹೊಲಿದ ದಾರದ ತುದಿಗಳನ್ನೂ ಒಳಗೆ ಮುಚ್ಚಬೇಕು. ಚೌಕಗಳೆಲ್ಲ ಮುಗಿದಿದ್ದರೂ ಹೊದಿಕೆಯಾಗದೆ ಅಟ್ಟದ ಮೇಲಿನ ಚೀಲದಲ್ಲಿ ಉಳಿದುಹೋಗುವುದು ಇದಕ್ಕೇ ಅಲ್ವಾ?

ಹೆಚ್ಚಿನವರು ಹಾಕುವುದು ಗ್ರಾನಿ ಸ್ಕ್ವೇರ್, ಅಂದರೆ ನಡುವಿನಿಂದ ಶುರುವಾಗಿ ಸುತ್ತುಸುತ್ತಾಗಿ ಬೆಳೆಯುವ ಚೌಕ. ಮೂರು ಟ್ರೆಬಲ್ (ಕಂಬದಂತೆ ನಿಲ್ಲುವ ಎತ್ತರದ ಹೆಣಿಗೆ) ಸೇರಿ ಒಂದು ಗೊಂಚಲು, ಗೊಂಚಲುಗಳ ನಡುವೆ ಒಂದು ಚೈನ್ (ಸರಪಳಿಯ ಕೊಂಡಿಯಂಥ ಹೆಣಿಗೆ), ಮೂಲೆಯಲ್ಲಿ ಎರಡು ಚೈನ್. ಬ್ರಿಟಿಷ್ ಪುಸ್ತಕಗಳ ಟ್ರೆಬಲ್ ಅಮೆರಿಕದ ಪುಸ್ತಕಗಳಲ್ಲಿ ಡಬಲ್ ಕ್ರೋಶಾ ಆಗುತ್ತದೆ. ಹಾಗಾಗಿ ಮಾದರಿ ಎಲ್ಲಿಯದು ಅಂತ ಮೊದಲು ನೋಡಿಕೊಳ್ಳಿ.

ಮೊದಲ ಚೌಕವನ್ನು ಪೂರ್ತಿ ಮುಗಿಸಿ. ಎರಡನೆಯದರಲ್ಲಿ ಕೊನೆಯ ಸುತ್ತನ್ನು ಮಾತ್ರ ಬಾಕಿ ಇಡಿ. ಆ ಸುತ್ತು ಹಾಕುತ್ತಾ ಕೂಡಬೇಕಾದ ಬದಿಯ ಮೂಲೆಗೆ ಬಂದಾಗ, ಎರಡೂ ಚೌಕಗಳ ಹಿಂಬದಿ ಒಂದಕ್ಕೊಂದು ತಾಗುವಂತೆ ಹಿಡಿಯಿರಿ. ಮೂಲೆಯ ಮೊದಲ ಗೊಂಚಲು ಹಾಕಿ, ಒಂದು ಚೈನ್ ಹಾಕಿ. ಎರಡನೇ ಚೈನ್ ಬದಲು ಕಡ್ಡಿಯನ್ನು ಮೊದಲ ಚೌಕದ ಮೂಲೆಯ ಸಂದಿಗೆ ತೂರಿಸಿ ಸ್ಲಿಪ್ ಸ್ಟಿಚ್ ಹಾಕಿ, ಅಂದರೆ ದಾರವನ್ನು ಆ ಸಂದಿಯಿಂದಲೂ ಕಡ್ಡಿಯ ಮೇಲಿನ ಕುಣಿಕೆಯಿಂದಲೂ ಒಂದೇ ಸಲ ಎಳೆದುಬಿಡಿ. ಮತ್ತೆ ಅದೇ ಮೂಲೆಗೆ ವಾಪಸ್ ಬಂದು ಎರಡನೇ ಗೊಂಚಲು ಹಾಕಿ. ಅಲ್ಲಿಂದ ಮುಂದೆ, ನಡುವೆ ಚೈನ್ ಬರಬೇಕಾದ ಕಡೆಯಲ್ಲೆಲ್ಲ ಎದುರು ಚೌಕದ ಸಂದಿಗೆ ಒಂದು ಸ್ಲಿಪ್ ಸ್ಟಿಚ್. ಇನ್ನೊಂದು ತುದಿಯಲ್ಲಿ ಮೂಲೆಗೆ ಮೂಲೆ ಸೇರಿಸಿ, ಉಳಿದ ಬದಿಗಳನ್ನು ಎಂದಿನಂತೆ ಮುಗಿಸಿ. ಎರಡನೇ ಸಾಲಿನಿಂದ ಹೆಚ್ಚಿನ ಚೌಕಗಳಿಗೆ ಎರಡೆರಡು ಬದಿ ಕೂಡಿಸುವುದಿರುತ್ತದೆ, ಅಷ್ಟೇ ವ್ಯತ್ಯಾಸ.

ನಾಜೂಕಾಗಿ ನೋಡಬೇಕಾದ್ದು ನಾಲ್ಕು ಚೌಕಗಳು ಸೇರುವ ಜಾಗ. ಅಲ್ಲಿ ತೂತು ಬಿದ್ದರೆ ದೂರದಿಂದಲೇ ಕಾಣುತ್ತದೆ. ಮೂರನೆಯದು, ನಾಲ್ಕನೆಯದು ಬಂದಾಗ ಪಕ್ಕದ ಮೂಲೆಗಳಿಗೆ ಬೇರೆಬೇರೆಯಾಗಿ ಸಿಕ್ಕಿಸಬೇಡಿ. ಮೊದಲೆರಡು ಚೌಕ ಕೂಡಿದ ಆ ಒಂದೇ ಗಂಟಿಗೆ ಸಿಕ್ಕಿಸಿ. ನಡುವೆ ಬಿಗಿಯಾದ ಪುಟ್ಟ ಚುಕ್ಕೆಯಂತೆ ಕೂತುಬಿಡುತ್ತದೆ. ಸ್ಲಿಪ್ ಸ್ಟಿಚ್ ಬಿಗಿ ಹಾಕುವ ಕೈ ನಿಮ್ಮದಾದರೆ ಅಂಚು ಸುಕ್ಕುಗಟ್ಟುತ್ತದೆ. 4 ಮಿಲಿಮೀಟರ್ ಕಡ್ಡಿಯಲ್ಲಿ ಹೆಣೆಯುತ್ತಿದ್ದರೆ ಕೊನೆಯ ಸುತ್ತಿಗೆ 4.5 ಹಿಡಿಯಿರಿ.

ಈಗ ಉಲ್ಲನ್ ವಿಷಯ. ಇದನ್ನು ಒತ್ತಿ ಹೇಳಬೇಕು. ನಾಲ್ಕು ಸುತ್ತಿನ ಗ್ರಾನಿ ಸ್ಕ್ವೇರ್‌ನಲ್ಲಿ ಸುತ್ತಿಗೆ 4, 8, 12, 16 ಗೊಂಚಲು ಬರುತ್ತವೆ. ಒಟ್ಟು 40. ಅದರಲ್ಲಿ ಕೊನೆಯ ಸುತ್ತಿನದೇ 16. ಅಂದರೆ ಕೂಡಿಸುವ ಬಣ್ಣ ಒಂದೇ ಇಟ್ಟುಕೊಂಡರೆ ಹೆಚ್ಚುಕಮ್ಮಿ 40 ಶೇಕಡಾ ಉಲ್ಲನ್ ಆ ಬಣ್ಣದ್ದೇ ಬೇಕು. ಒಳಗಿನ ಸುತ್ತುಗಳಿಗೆ ಮನೆಯಲ್ಲಿ ಉಳಿದ ಚೂರುಪಾರು ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ. ಚಿಕ್ಕಪೇಟೆಗೆ ಹೋದಾಗ ಈ ಬಣ್ಣವನ್ನು ಒಂದೇ ಸಲ ತಂದುಬಿಡಿ. ಉಂಡೆಯ ಲೇಬಲ್ ಮೇಲೆ ಲಾಟ್ ನಂಬರ್, ಅಂದರೆ ಒಟ್ಟಿಗೆ ಬಣ್ಣ ಹಾಕಿದ ಉಂಡೆಗಳ ಗುರುತು, ಇರುತ್ತದೆ. ಎಲ್ಲ ಉಂಡೆಗಳದ್ದೂ ಒಂದೇ ಇದೆಯಾ ಅಂತ ಓದಿ ನೋಡಿ. “ಮೇಡಂ, ಇದೇ ಲಾಟ್ ಆಮೇಲೆ ಸಿಗಲ್ಲ” ಅಂತ ಅಂಗಡಿಯವರು ಹೇಳಿದರೆ ಅದು ವ್ಯಾಪಾರದ ಮಾತಲ್ಲ, ನಿಜ. ಬೇರೆ ಲಾಟಿನ ಬಿಳಿ ಹೊದಿಕೆಯ ಅರ್ಧದಲ್ಲಿ ಶುರುವಾದರೆ ಬಿಸಿಲಲ್ಲಿ ಗೆರೆ ಎಳೆದ ಹಾಗೆ ಕಾಣುತ್ತದೆ.

ಹೀಗೆ ಕೂಡಿಸಿದಾಗ ಜೋಡಣೆ ಬಚ್ಚಿಟ್ಟುಕೊಳ್ಳುವುದಿಲ್ಲ. ಕೌದಿಯಲ್ಲಿ ಬಟ್ಟೆಯ ತುಂಡಿನಷ್ಟೇ ಅದರ ಮೇಲಿನ ಹೊಲಿಗೆಯೂ ಕಾಣುತ್ತದಲ್ಲ, ಹಾಗೆ. ಪ್ರತಿ ಚೌಕಕ್ಕೂ ಚೌಕಟ್ಟು ಬರುತ್ತದೆ, ಎಷ್ಟೇ ಬಣ್ಣ ಬೆರೆಸಿದ್ದರೂ ಹೊದಿಕೆ ಒಂದಾಗಿ ನಿಲ್ಲುತ್ತದೆ. ನನಗೆ ಈ ವಿಧಾನ ಹಿಡಿಸಿರುವುದು ಮುಖ್ಯವಾಗಿ ಇದಕ್ಕೇ. ಬಟ್ಟೆಯೂ ಮೆತ್ತಗೆ ಬಾಗುತ್ತದೆ, ಹೊಲಿಗೆಯ ದಿಂಡು ಮೈಗೆ ಒತ್ತುವುದಿಲ್ಲ.

ತೊಂದರೆಗಳೂ ಇವೆ. ಯಾವ ಬಣ್ಣದ ಪಕ್ಕ ಯಾವುದು ಅಂತ ಮೊದಲೇ ನೆಲದ ಮೇಲೆ ಹರಡಿ, ಫೋಟೊ ತೆಗೆದಿಟ್ಟುಕೊಳ್ಳಬೇಕು. ನಡುವಿನ ಚೌಕ ತಪ್ಪಿತು ಅಂತ ಆಮೇಲೆ ಬಿಚ್ಚುವುದು ಬಹಳ ಕಷ್ಟ. ಹಲವರು ಸೇರಿ ಮಾಡುವಾಗ, ಎಲ್ಲರೂ ಚೌಕ ಪೂರ್ತಿ ಮುಗಿಸಿ ಕಳಿಸಿದರೆ, ಈ ವಿಧಾನಕ್ಕೆ ಜಾಗವೇ ಇರುವುದಿಲ್ಲ. ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್ ಬಳಗ 2016ರ ಜನವರಿಯಲ್ಲಿ ಚೆನ್ನೈನಲ್ಲಿ 11,148.5 ಚದರ ಮೀಟರಿನ ಹೊದಿಕೆ ಮಾಡಿ ಗಿನ್ನೆಸ್ ದಾಖಲೆ ಬರೆಯಿತು. ಬೇರೆಬೇರೆ ಊರುಗಳಲ್ಲಿ ಹೆಣೆದ ತುಂಡುಗಳನ್ನು ಕೂಡಿಸಿದ್ದು ಅದು. ನಿಮ್ಮ ಗುಂಪು ಚಿಕ್ಕದಾದರೆ ಎಲ್ಲರಿಗೂ ಕೊನೆಯ ಸುತ್ತು ಬಿಟ್ಟು ಕೊಡಲು ಹೇಳಿ. ಒಬ್ಬರೇ ಆ ಸುತ್ತು ಹಾಕಿದರೆ ಕೈಯಿಂದ ಕೈಗೆ ಬರುವ ಬಿಗಿ ಸಡಿಲ ತಕ್ಕಮಟ್ಟಿಗೆ ಸರಿಹೋಗುತ್ತದೆ.

ಒಂಟಿಯಾಗಿ ಮಾಡುವವರಿಗೂ ಕೊನೆಯ ಸುತ್ತು ಬಾಕಿ ಇಡುವುದೇ ಒಳ್ಳೆಯದು. ಅರ್ಧ ಕೂಡಿಸಿದ ಹೊದಿಕೆಯನ್ನು ಹೊತ್ತುಕೊಂಡು ಓಡಾಡಲು ಆಗುವುದಿಲ್ಲ. ಬಿಎಂಟಿಸಿ ಬಸ್ಸಿನಲ್ಲಿ ಸೀಟು ಸಿಕ್ಕಾಗ, ಮಗುವಿನ ಟ್ಯೂಷನ್ ಮುಗಿಯುವವರೆಗೆ ಕಾಯುವಾಗ ಮೂರು ಸುತ್ತು ಹಾಕಿ, ದಾರ ಕತ್ತರಿಸಿ, ತುದಿಗಳನ್ನು ಅಲ್ಲೇ ಮುಚ್ಚಿ ಡಬ್ಬಿಗೆ ಹಾಕಿಕೊಳ್ಳಿ. ನಾಲ್ಕನೇ ಸುತ್ತು, ಅದರ ಜೊತೆಗೆ ಜೋಡಣೆ, ಮನೆಯಲ್ಲಿ ಹೊದಿಕೆಯನ್ನು ಮಂಚದ ಮೇಲೆ ಹರಡಿಕೊಂಡು ಮಾಡಿ. ಅದರ ಭಾರ ಮಂಚದ ಮೇಲಿದ್ದರೆ ಮಣಿಕಟ್ಟು ನೋಯುವುದಿಲ್ಲ, ಕೂಡಿಸಿದ ಅಂಚೂ ಜಗ್ಗುವುದಿಲ್ಲ.