ಗಣಪತಿ ಕೂರಿಸೋದು, ಪಂಪ್ ಕೂರಿಸೋದು: 'ಸೆಟ್' ಎಂಬ ಪುಟ್ಟ ಕ್ರಿಯಾಪದದ ಹಿಂದಿನ ಕತೆ

ಹಾಸನದ ಯಾವುದೇ ಹೋಟೆಲಲ್ಲಿ 'ಒಂದ್ ಸೆಟ್ ಕೊಡಿ' ಅಂದರೆ ಸಾಕು, ಸಾಗು ಜೊತೆ ಮೆತ್ತನೆಯ ದೋಸೆಗಳು ಬರುತ್ತವೆ. ಪಕ್ಕದಲ್ಲಿ ಮನೆ ಕಟ್ಟುತ್ತಿರುವ ಗಾರೆ ಕೆಲಸದವರು 'ಇನ್ನೂ ಸೆಟ್ ಆಗಿಲ್ಲ, ತುಳೀಬೇಡಿ' ಅಂತ ಕೂಗುತ್ತಾರೆ. ಹಳ್ಳಿ ಕಡೆ ಹೋದರೆ ಕರೆಂಟ್ ಬಂತು, ಹೋಯ್ತು ಅನ್ನುವ ಮಾತೆಲ್ಲ ಐಪಿ ಸೆಟ್, ಅಂದರೆ ನೀರಾವರಿ ಪಂಪ್‌ಸೆಟ್ ಸುತ್ತಲೇ. ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟಗಳಲ್ಲಂತೂ 'ಈ ಸಲ ಸೆಟ್ಟಿಂಗ್ ಹೇಗಿದೆ?' ಅನ್ನೋದು 'ಚೆನ್ನಾಗಿದೀರಾ' ಅನ್ನುವಷ್ಟೇ ಮಾಮೂಲು.

ಈ ಪದ ಇಂಗ್ಲಿಷಿನವರನ್ನೂ ಕಡಿಮೆ ಸತಾಯಿಸಿಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ 1989ರಲ್ಲಿ 20 ಸಂಪುಟಗಳಲ್ಲಿ ಬಂತು. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗ ತಿಂದ ಪದ ಇದೇ. ಸುಮಾರು 430 ಅರ್ಥಗಳು, 60,000 ಪದಗಳಷ್ಟು ವಿವರಣೆ. ಅರ್ಥ ಹುಡುಕಲು ಹೋದ ಹೈಸ್ಕೂಲ್ ಹುಡುಗನೊಬ್ಬ ಆ ಪುಟಗಳನ್ನು ನೋಡಿದರೆ ನಿಘಂಟನ್ನೇ ಮುಚ್ಚಿಟ್ಟುಬಿಡುತ್ತಾನೆ.

ಆದರೆ ಬೇರಿಗೆ ಹೋದರೆ ಗಾಬರಿ ಅರ್ಧ ಇಳಿಯುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಇದು 'ಸೆಟ್ಟನ್'. 'ಸಿಟ್' ಅಂದರೆ ಕೂರು. 'ಸೆಟ್' ಅಂದರೆ ಕೂರಿಸು. ನಾವು 'ಇಸು' ಸೇರಿಸಿ ಮಾಡುವ ಕೆಲಸವನ್ನು ಆ ಭಾಷೆಯೂ ಹಿಂದೆ ಒಂದು ಪ್ರತ್ಯಯದಿಂದಲೇ ಮಾಡುತ್ತಿತ್ತು. ಕಾಲ ಕಳೆದಂತೆ ಪ್ರತ್ಯಯ ಸವೆದುಹೋಯಿತು, ಸ್ವರದ ವ್ಯತ್ಯಾಸವಷ್ಟೇ ಉಳಿಯಿತು. ಬೀಳು ಅನ್ನುವ 'ಫಾಲ್', ಮರ ಬೀಳಿಸು ಅನ್ನುವ 'ಫೆಲ್' ಕೂಡ ಇಂಥದ್ದೇ ಜೋಡಿ.

ಈಗ ನಮ್ಮ 'ಕೂರಿಸು' ಎಷ್ಟು ಕಡೆ ಓಡಾಡುತ್ತದೆ ನೋಡಿ. ಭಾದ್ರಪದದಲ್ಲಿ ಗಣಪತಿ ಕೂರಿಸುತ್ತೇವೆ, ದಸರಾಗೆ ಬೊಂಬೆ ಕೂರಿಸುತ್ತೇವೆ. ಬಡಗಿ ಬಾಗಿಲು ಕೂರಿಸುತ್ತಾನೆ. ಬಾವಿಗೆ ಪಂಪ್ ಕೂರಿಸುತ್ತಾರೆ. ಉಂಗುರಕ್ಕೆ ಹರಳು ಕೂರಿಸುವುದು, ಮುರಿದ ಮೂಳೆ ಕೂರಿಸುವುದು ಎರಡಕ್ಕೂ ಇಂಗ್ಲಿಷಿನಲ್ಲಿ 'ಸೆಟ್' ಅನ್ನುತ್ತಾರೆ. ಎರಡು ಭಾಷೆಗಳಿಗೂ ಹುಟ್ಟಿನ ನಂಟಿಲ್ಲ, ಆದರೂ ದಾರಿ ಒಂದೇ. ಅಲುಗಾಡುವುದನ್ನು ತನ್ನ ಜಾಗದಲ್ಲಿ ಕೂರಿಸಿದರೆ ಅದು ಗಟ್ಟಿ. ಗಟ್ಟಿಯಾದದ್ದು ನಿಗದಿ. ಹಾಗಾಗಿ ಸಿಮೆಂಟೂ ಸೆಟ್, ಬೆಲೆಯೂ ಸೆಟ್, ಅಲಾರಂ ಕೂಡ ಸೆಟ್. ಸೂರ್ಯ ಮುಳುಗುವುದಕ್ಕೆ ಈ ಪದ ಯಾಕೆ ಅಂತೀರಾ? ಹಳೆಯ ಇಂಗ್ಲಿಷಿನಲ್ಲಿ ಸಂಜೆಯ ಸೂರ್ಯ ತನ್ನ ಪೀಠಕ್ಕೆ ಹೋಗುತ್ತಿದ್ದ. ಪಾಪ, ಅವನಿಗೂ ಕೂರಬೇಕು ಅನ್ನಿಸಲ್ವಾ!

ಸೆಟ್ ದೋಸೆ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಗುಂಪು, ಜೊತೆ ಅನ್ನುವ ಅರ್ಥದ 'ಸೆಟ್' ಬಹುಪಾಲು ಬೇರೆ ಮನೆತನದ್ದು. ಲ್ಯಾಟಿನ್ನಿನ 'ಸೆಕ್ಟಾ', ಅಂದರೆ ಹಿಂಬಾಲಿಸುವವರ ಗುಂಪು, ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು. ಪಂಥ ಅನ್ನುವ 'ಸೆಕ್ಟ್' ಕೂಡ ಅಲ್ಲಿಂದಲೇ. ಉಚ್ಚಾರ ಒಂದೇ ಆಗಿಬಿಟ್ಟಿದ್ದರಿಂದ ಎರಡೂ ಬೆರೆತುಹೋದವು. ತಟ್ಟೆಯಲ್ಲಿರುವುದು ದೋಸೆಗಳ ಒಂದು ಪುಟ್ಟ ಪಂಥ ಅನ್ನಿ.

ಹೀಗೆ ಅರ್ಥಗಳನ್ನು ಎಣಿಸಿ ಬೇರೆ ಮಾಡುವ ಕೆಲಸಕ್ಕೂ ಒಂದು ಇತಿಹಾಸವಿದೆ. ಸ್ಯಾಮ್ಯುಯೆಲ್ ಜಾನ್ಸನ್ 1755ರ ನಿಘಂಟಿನಲ್ಲಿ 'ಟೇಕ್' ಒಂದಕ್ಕೇ 134 ಅರ್ಥ ಕೊಟ್ಟಿದ್ದ. ಆಕ್ಸ್‌ಫರ್ಡ್ ನಿಘಂಟಿನ ಯೋಚನೆ ಹುಟ್ಟಿದ್ದು 1857ರಲ್ಲಿ. ಜೇಮ್ಸ್ ಮರ್ರಿ 1879ರಲ್ಲಿ ಸಂಪಾದಕರಾದರು, ಮೊದಲ ಕಂತು 1884ರಲ್ಲಿ ಬಂತು. ಓದುಗರು ಪುಸ್ತಕ ಓದುತ್ತಾ ಒಂದೊಂದು ಪದ ಬಳಕೆಯಾದ ವಾಕ್ಯವನ್ನು ಚೀಟಿಯಲ್ಲಿ ಬರೆದು ಕಳಿಸುತ್ತಿದ್ದರು. ಸಂಪಾದಕರು ಆ ಚೀಟಿಗಳನ್ನು ಹರಡಿ, ಅರ್ಥ ಕೂಡಿದ್ದನ್ನು ಒಂದು ಕಡೆ, ಕೂಡದ್ದನ್ನು ಇನ್ನೊಂದು ಕಡೆ ರಾಶಿ ಹಾಕುತ್ತಿದ್ದರು. ಒಂದು ರಾಶಿಗೆ ಒಂದು ಅರ್ಥ. ದೊಡ್ಡ ದೊಡ್ಡ ಪದಗಳು ಬೇಗ ಮುಗಿಯುತ್ತವೆ, ಸುಸ್ತು ಮಾಡುವುದು ದಿನಬಳಕೆಯ ಚಿಕ್ಕ ಕ್ರಿಯಾಪದಗಳೇ. ಮರ್ರಿ 1915ರಲ್ಲಿ ತೀರಿಕೊಂಡರು. ನಿಘಂಟು ಪೂರ್ತಿಯಾಗಿದ್ದು 1928ರಲ್ಲಿ.

'ಸೆಟ್'ನ ಪಟ್ಟ ಈಗ ಹೋಗಿದೆ. ಪರಿಷ್ಕರಣೆ ಶುರುವಾದ ಮೇಲೆ 'ಮೇಕ್', 'ಪುಟ್' ಮುಂದೆ ಬಂದವು. 2011ರ ಹೊತ್ತಿಗೆ 'ರನ್' ಎಲ್ಲರನ್ನೂ ಹಿಂದೆ ಹಾಕಿತು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥ. ಅದನ್ನು ವಿಂಗಡಿಸಲು ಪೀಟರ್ ಗಿಲಿವರ್ ಎಂಬ ಸಂಪಾದಕರಿಗೆ ಒಂಬತ್ತು ತಿಂಗಳು ಹಿಡಿಯಿತು. ಯಂತ್ರ, ರೈಲು, ಕಾರ್ಖಾನೆ, ಕಂಪ್ಯೂಟರ್ ಪ್ರೋಗ್ರಾಂ ಎಲ್ಲವೂ ಇಂಗ್ಲಿಷಿನಲ್ಲಿ ಓಡುತ್ತವಲ್ಲ, ಪದ ಬೆಳೆಯದೆ ಇನ್ನೇನು! ನಮ್ಮಲ್ಲೂ ಸಿನಿಮಾ ಓಡುತ್ತದೆ, ಬಸ್ ಓಡುತ್ತದೆ. ಆದರೆ ಅವರು ಅಂಗಡಿಯನ್ನೂ ಓಡಿಸುತ್ತಾರೆ, ನಾವು ಅದನ್ನು ನಡೆಸುತ್ತೇವೆ.

ಇನ್ನು ಸಮಾನಾರ್ಥಕಗಳ ವಿಚಾರ. 'ಪ್ಲೇಸ್', 'ಫಿಕ್ಸ್', 'ಅರೇಂಜ್', 'ಎಸ್ಟಾಬ್ಲಿಷ್' ಅಂತ ಪಟ್ಟಿ ಉದ್ದವಿದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಪದಗಳು ರಾಶಿ ರಾಶಿ ಒಳಗೆ ಬಂದವು. ಹಳೆಯವು ಮನೆಮಾತಲ್ಲಿ ಉಳಿದವು, ಹೊಸವು ಕೋರ್ಟು ಕಚೇರಿ ಹಿಡಿದವು. 1852ರಲ್ಲಿ ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯರು ಇಂಥ ಪದಗಳನ್ನೆಲ್ಲ ಅರ್ಥದ ಮೇಲೆ ಗುಂಪು ಮಾಡಿ ಪುಸ್ತಕ ತಂದರು. ಅಂಥ ಪಟ್ಟಿ ಉಪಯುಕ್ತವೇ. ಆದರೆ ಅದನ್ನು ಬಾಯಿಪಾಠ ಮಾಡಿಸುವ ಟ್ಯೂಷನ್ ಪದ್ಧತಿ ನನಗೆ ಹಿಡಿಸದು. ಸಂಸ್ಥೆಯನ್ನು 'ಎಸ್ಟಾಬ್ಲಿಷ್' ಮಾಡಬಹುದು, ಅಲಾರಂ ಅನ್ನು ಮಾಡಲಾಗದು. ಮೊದಲು ಕೂರಿಸುವುದರಿಂದ ಶುರುಮಾಡಿ ಅರ್ಥ ಕವಲೊಡೆದದ್ದನ್ನು ತೋರಿಸಿದರೆ ಮಕ್ಕಳಿಗೆ ನೆನಪಿನ ಹೊರೆ ಕಡಿಮೆ.

ಕಾಫಿಯದ್ದೇ ತಗೊಳ್ಳಿ. ಬೇಸಿಗೆಯಲ್ಲಿ ಹೂಮಳೆ ಬಿದ್ದು ವಾರ, ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಘಮ ಎರಡು ಮೂರು ದಿನ. ಹೂವು ಉದುರಿದ ಮೇಲೆ ರೆಂಬೆ ಹಿಡಿದು ಗೆಣ್ಣುಗಳನ್ನು ನೋಡುತ್ತಾರೆ. ಹಸಿರು ಸೂಜಿತಲೆಯಷ್ಟು ಕಾಣಿಸಿದರೆ ಸಮಾಧಾನ. ಆಮೇಲೆ ಹಿಂಬಾಲಿಸಿ ಇನ್ನೊಂದು ಮಳೆ ಬರದಿದ್ದರೆ, ಸ್ಪ್ರಿಂಕ್ಲರ್ ಸೆಟ್ ಕೂಡ ಇಲ್ಲದಿದ್ದರೆ, ರೊಬಸ್ಟಾ ಬೆಳೆದವರಿಗೆ ನಿದ್ದೆ ಬರದು. ಹೀಗೆ ಹೂವು ಕಾಯಿಯಾಗಿ ನಿಲ್ಲುವುದೇ ತೋಟದವರ ಇಂಗ್ಲಿಷಿನಲ್ಲಿ 'ಸೆಟ್ಟಿಂಗ್'. ಕನ್ನಡದಲ್ಲಿ ಕಾಯಿ ಕಚ್ಚಿದೆ ಅನ್ನುತ್ತಾರೆ. ಒಂದರಲ್ಲಿ ಕಾಯಿ ಕೂರುತ್ತದೆ, ಇನ್ನೊಂದರಲ್ಲಿ ಹಲ್ಲೂರಿ ಹಿಡಿಯುತ್ತದೆ. ನನ್ನನ್ನು ಕೇಳಿದರೆ ಎರಡನೆಯದೇ ಜೋರು.

ಇತ್ತೀಚೆಗೆ ನಾವೇ ಇದಕ್ಕೊಂದು ಅರ್ಥ ಹಚ್ಚಿದ್ದೇವೆ. 'ಇಲ್ಲಿನ ನೀರು ನಂಗೆ ಸೆಟ್ ಆಗಲ್ಲ', 'ಅವರಿಬ್ಬರಿಗೂ ಸೆಟ್ ಆಗಲ್ಲ.' ಮೊದಲು ಒಗ್ಗಲ್ಲ, ಸರಿಹೋಗಲ್ಲ ಅನ್ನುತ್ತಿದ್ದ ಜಾಗ ಇದು. ಹಳಬರು ಈಗಲೂ ನೀರು ಒಗ್ಗಲಿಲ್ಲ ಅಂತಲೇ ಹೇಳುತ್ತಾರೆ, ಕಾಲೇಜಿನವರು ಸೆಟ್ ಆಗಲಿಲ್ಲ ಅಂತಾರೆ. ಅದನ್ನು ಹಾಗೇ ಇಂಗ್ಲಿಷ್ ಪರೀಕ್ಷೆಯಲ್ಲಿ ಬರೆದರೆ ಮಾತ್ರ ಅಂಕ ಸಿಗುವುದಿಲ್ಲ. ಅಲ್ಲಿ 'ಸೂಟ್' ಅಂತಲೇ ಬರೆಯಬೇಕು.